ಗಾಳಿ ತೂಗಿದ ತಕ್ಕಡಿ
ಕೆನಡಾದ ಪಿಕರಿಂಗ್‌ನಲ್ಲಿ ಆಂಟೇರಿಯೊ ಸರೋವರದ ಗಾಳಿ ಕೆನ್ನೆಗೆ ಉಜ್ಜಿದಾಗಲೆಲ್ಲ ನನಗೆ ವಿಜ್ಞಾನಿ ಸತೀಶ್ ಧವನರ ನೆನಪು. ಹರಿಯುವ ಗಾಳಿ ಒಂದು ಮೈಯನ್ನು ಎಷ್ಟು ಜಗ್ಗುತ್ತದೆಂದು ನೇರವಾಗಿ ತೂಗಿದವರು ಅವರು. ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಅವರು ಕಟ್ಟಿದ ಉಪಕರಣದಲ್ಲಿ ಸಮತಟ್ಟು ಹಲಗೆಯ ಪುಟ್ಟ ತುಣುಕೊಂದು ಬಿಡಿಯಾಗಿ ತೇಲುತ್ತದೆ. ಸುತ್ತ ಕೂದಲೆಳೆಯಂಥ ಸಂದು. ತುಣುಕು ಚೂರು ಉಬ್ಬಿದರೂ, ತಗ್ಗಿದರೂ ಅಳತೆ ಕೆಟ್ಟೀತು. ಗಾಳಿ ತಾಗಿದಾಗ ಅದು ಕಣ್ಣಿಗೆ ಕಾಣದಷ್ಟು ಸರಿಯುತ್ತದೆ. ಅದರಿಂದಲೇ ಘರ್ಷಣೆಯ ಲೆಕ್ಕ. ಎಂಥ ಕೈ! (ಎಲ್ಲರೂ ಆಡುವುದು ಅವರು ಇಸ್ರೋ ಅಧ್ಯಕ್ಷರಾಗಿದ್ದ ಮಾತನ್ನೇ.) ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರ ಶಿಷ್ಯರಾಗಿ, ಆಮೇಲೆ ಸಹೋದ್ಯೋಗಿಯೂ ಗೆಳೆಯರೂ ಆದವರು ರೊದ್ದಂ ನರಸಿಂಹ. ನಯವಾದ ಹರಿವು ಕದಡಿ ಪ್ರಕ್ಷುಬ್ಧವಾಗುವ ಬಗೆಯ ಮೇಲೆ 1958ರಲ್ಲಿ ಇಬ್ಬರೂ ಜೊತೆಯಾಗಿ ಪ್ರಬಂಧ ಪ್ರಕಟಿಸಿದರು. 2002ರ ಜನವರಿ 3ರಂದು ಧವನ್ ತೀರಿಕೊಂಡರು; 2020ರ ಡಿಸೆಂಬರ್ 14ರಂದು ನರಸಿಂಹ.