‘ಅಸಹಜ ಶಬ್ದ’ ಅಂದ್ರೆ ಯಾವ ಶಬ್ದ ಸ್ವಾಮಿ?

ಕಾದಂಬರಿಗೆ ವಿಮರ್ಶೆ ಬರುತ್ತೆ, ಸಿನಿಮಾಗೆ ಬರುತ್ತೆ, ಹೊಸ ಫೋನಿಗಂತೂ ಅಂಗಡಿಗೆ ಬರೋ ಮುಂಚೆನೇ ಬರುತ್ತೆ. ಪಿಕಪ್ ಗಾಡಿ ಜೊತೆ ಕೊಡೋ ಕೈಪಿಡಿಗೆ ಯಾರಾದರೂ ವಿಮರ್ಶೆ ಬರೆದದ್ದು ನಾನು ನೋಡಿಲ್ಲ. ಪೀಣ್ಯದಿಂದ ಎಲೆಕ್ಟ್ರಾನಿಕ್ ಸಿಟಿವರೆಗೆ ನಮ್ಮ ಆಫೀಸುಗಳ ನೀರಿನ ಕ್ಯಾನು, ಕ್ಯಾಂಟೀನಿನ ತರಕಾರಿ, ಕುರ್ಚಿ-ಮೇಜು ಬರೋದು ಈ ಗಾಡಿಗಳಲ್ಲೇ. 2005ರಲ್ಲಿ ಟಾಟಾ ಏಸ್ ಬಂದ ಮೇಲಂತೂ ಸಾಲ ಮಾಡಿ ಗಾಡಿ ತಗೊಂಡು ತಾವೇ ಓಡಿಸೋರು ಊರೂರಲ್ಲೂ ಸಿಗ್ತಾರೆ. ಅವರ ಪಾಲಿಗೆ ಈ ಪುಸ್ತಕ ಯಾವ ಕಾದಂಬರಿಗೂ ಕಮ್ಮಿ ಅಲ್ಲ.

ನಾನು ಓದಿದ್ದು ನಮ್ಮ ಚಿಕ್ಕಪ್ಪನ ಗಾಡಿಯದು. ಮಾಲೂರು ಕಡೆಯಿಂದ ಕಾಡುಗೋಡಿಗೆ ತರಕಾರಿ ಬಾಡಿಗೆ ಹೊಡೀತಾರೆ. ಕಂಪನಿ ಹೆಸರು ಬೇಡ. ಪುಸ್ತಕ ಇಂಗ್ಲಿಷಿನಲ್ಲಿದೆ, ಪ್ಲಾಸ್ಟಿಕ್ ಕವರೂ ಬಿಚ್ಚಿರಲಿಲ್ಲ. ಪ್ರೊಪೆಲ್ಲರ್ ಶಾಫ್ಟಿಗೆ ಸಿಕ್ಕಿರೋದು ಎರಡೇ ಮಾತು: ಇಷ್ಟು ಕಿಲೋಮೀಟರಿಗೊಮ್ಮೆ ಗ್ರೀಸ್ ಹಾಕಿ; ‘ಅಸಹಜ ಶಬ್ದ’ ಬಂದರೆ ಡೀಲರನ್ನು ಸಂಪರ್ಕಿಸಿ.

ಸುಳ್ಳಲ್ಲ, ಆದರೆ ಯಾಕೆ ಅನ್ನೋದೇ ಇಲ್ಲ. ಗೇರ್‌ಬಾಕ್ಸ್ ಚಾಸಿಸ್‌ಗೆ ಬಿಗಿದಿರುತ್ತೆ, ಹಿಂದಿನ ಆಕ್ಸಲ್ ಸ್ಪ್ರಿಂಗ್ ಮೇಲೆ ಕುಣೀತಿರುತ್ತೆ. ವರ್ತೂರು ರಸ್ತೆಯ ಒಂದೊಂದು ಹಂಪಿಗೂ ಇವೆರಡರ ನಡುವಿನ ದೂರ, ಕೋನ ಎರಡೂ ಬದಲಾಗುತ್ತೆ. ಕೋನ ತಡ್ಕೊಳ್ಳೋದು ಗ್ಯಾರೇಜಿನವರು ‘ಕ್ರಾಸ್’ ಅನ್ನೋ ಜಾಯಿಂಟು. ದೂರ ತಡ್ಕೊಳ್ಳೋದು ಒಳಗೂ ಹೊರಗೂ ಜಾರೋ ಹಲ್ಲಿನ ಸ್ಲೀವು. ಕ್ರಾಸಿನ ನಾಲ್ಕು ಬಟ್ಟಲುಗಳೊಳಗೆ ಸೂಜಿಯಂಥ ಬೇರಿಂಗುಗಳಿವೆ. ಗ್ರೀಸ್ ಒಣಗಿದರೆ ಅವು ತುಕ್ಕು ಹಿಡಿದು ಸವೀತವೆ. ಸವೆದ ಸಂದಿನಲ್ಲೇ ಸದ್ದು ಹುಟ್ಟೋದು.

ಕೈಪಿಡಿ ಸೋಲೋದು ಇಲ್ಲೇ. ಕನ್ನಡದಲ್ಲಿ ಸದ್ದಿನ ಪದಕ್ಕೆ ಬರವಾ? ಹೈಸ್ಕೂಲಲ್ಲಿ ಅನುಕರಣಾವ್ಯಯ ಅಂತ ಪಟಪಟ, ಧಗಧಗ ಬಾಯಿಪಾಠ ಮಾಡಿದ್ವಲ್ಲ, ಗ್ಯಾರೇಜಲ್ಲಿ ರೋಗ ಪತ್ತೆ ಮಾಡೋದು ಅದೇ ಭಾಷೆಯಲ್ಲಿ. ಗೇರ್ ಹಾಕಿ ಕ್ಲಚ್ ಬಿಟ್ಟಾಗ ‘ಟಣ್’ ಅಂದ್ರೆ ಮೊದಲ ಅನುಮಾನ ಸವೆದ ಕ್ರಾಸ್ ಮೇಲೆ, ಇಲ್ಲಾಂದ್ರೆ ಸಡಿಲವಾದ ಫ್ಲೇಂಜ್ ಬೋಲ್ಟ್ ಮೇಲೆ. ಗಾಡಿ ನಿಲ್ಲೋವಾಗ, ಹೊರಡೋವಾಗ ಮಂದವಾಗಿ ‘ಧಡ್’ ಅಂದ್ರೆ ಒಣಗಿದ ಸ್ಲೀವು. ನಿಧಾನಕ್ಕೆ ಹೋಗೋವಾಗ ‘ಕೀಚ್ ಕೀಚ್’ ಅಂದ್ರೆ ಕ್ರಾಸಿನಲ್ಲಿ ಗ್ರೀಸಿಲ್ಲ. ಡಿಫರೆನ್ಷಿಯಲ್ ಹಲ್ಲು ಸವೆದರೂ ಟಣ್ ಅನ್ನಬಹುದು, ಹಾಗಾಗಿ ಇದೇ ಕೊನೇ ತೀರ್ಪಲ್ಲ. ಆದರೂ ‘ಅಸಹಜ ಶಬ್ದ’ಕ್ಕಿಂತ ನೂರು ಪಾಲು ಮೇಲು. ನಾವು ಪ್ರತಿ ಎರರ್‌ಗೂ ‘ಏನೋ ಎಡವಟ್ಟಾಗಿದೆ’ ಅಂತ ಒಂದೇ ಲಾಗ್ ಬರೆದರೆ ಕೋಡ್ ರಿವ್ಯೂ ದಾಟುತ್ತಾ?

ಪರೀಕ್ಷೆ ಮಾಡೋದನ್ನಾದರೂ ಹೇಳಬಹುದಿತ್ತು. ಸಮತಟ್ಟು ಜಾಗದಲ್ಲಿ ಎಂಜಿನ್ ಆಫ್ ಮಾಡಿ, ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್‌ಗೆ ಹಾಕಿ. ಶಾಫ್ಟ್ ಹಿಡಿದು ತಿರುಗಿಸಿ, ಮೇಲೆ ಕೆಳಗೆ ಅಲ್ಲಾಡಿಸಿ. ಕ್ರಾಸಿನ ಹತ್ರ ಪ್ಲೇ ಇದ್ದರೆ, ಬಟ್ಟಲ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಹೊಸದು ಹಾಕಿಸಿ; ಸವೆದ ಕಬ್ಬಿಣ ಗ್ರೀಸಿಂದ ಬೆಳೆಯಲ್ಲ. ನಿಪ್ಪಲ್ ಇರೋ ಕ್ರಾಸ್ ಆದರೆ ನಾಲ್ಕೂ ಬಟ್ಟಲಿಂದ ಹಳೇ ಗ್ರೀಸ್ ಹೊರಗೆ ಇಣುಕೋವರೆಗೆ ಗನ್ ಹೊಡೀಬೇಕು. ವಾಟರ್ ಸರ್ವೀಸ್ ಆದ ಮೇಲೂ ಒಂದ್ಸಲ ಹೊಡೆದರೆ ಒಳ್ಳೇದು. ಶಾಫ್ಟ್ ಬಿಚ್ಚೋ ಮುಂಚೆ ಗುರುತು ಹಾಕ್ಕೊಳ್ಳಿ. ಸ್ಲೀವು ತಪ್ಪು ಹಲ್ಲಿಗೆ ಕೂತರೆ ಎರಡು ಕ್ರಾಸ್‌ಗಳ ಹೊಂದಾಣಿಕೆ ತಪ್ಪಿ ಗಾಡಿ ನಡುಗುತ್ತೆ.

ಇಷ್ಟು ಬರೆಯೋಕೆ ಒಂದು ಪುಟ ಸಾಕು. ಬರೆಯದಿದ್ದರೆ? ‘ಡೀಲರನ್ನು ಸಂಪರ್ಕಿಸಿ’ ಅಂದ್ರೆ ಚಿಕ್ಕಪ್ಪನಿಗೆ ಒಂದು ದಿನದ ಬಾಡಿಗೆ ಹೋಯ್ತು, ಇಎಂಐ ಮಾತ್ರ ನಿಲ್ಲಲ್ಲ. ಹಾಗಾಗಿ ಟಣ್ ಅಂದ್ರೂ ಓಡಿಸ್ತಾರೆ. ಒಂದಿನ ಕ್ರಾಸ್ ಮುರಿದು, ಶಾಫ್ಟಿನ ಮುಂದಿನ ತುದಿ ಕಳಚಿ ಡಾಂಬರಿಗೆ ಚುಚ್ಚಿಕೊಂಡರೆ ಗಾಡಿಯೇ ಎಗರಿ ಬೀಳಬಹುದು. ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡು ಬೈಕಲ್ಲಿ ಅದರ ಹಿಂದೆ ಹೋಗ್ತಿರೋರು ನಾವೇ.

ಇಂಥ ಪುಸ್ತಕ ತಯಾರು ಮಾಡೋ ಟೆಕ್ನಿಕಲ್ ರೈಟರ್‌ಗಳು ಇದನ್ನ ಓದ್ತಿದ್ದರೆ ಒಂದು ಮಾತು. ಮುಂದಿನ ಆವೃತ್ತಿಗೆ ಕನ್ನಡದಲ್ಲಿ ಒಂದು ಹಾಳೆ ಸೇರಿಸಿ. ಕಿಲೋಮೀಟರ್ ಲೆಕ್ಕ ಹಾಗೇ ಇರಲಿ. ‘ಅಸಹಜ ಶಬ್ದ’ ಹೊಡೆದುಹಾಕಿ, ‘ಟಣ್’ ಅಂತ ಬರೀರಿ. ಓದೋರಿಗೆ ಅರ್ಥ ಆಗುತ್ತೆ.