ವಿನ್ಯಾಸ ಸಿದ್ಧಾಂತದ ಕಮ್ಮಟಗಳು ಮತ್ತು ಕುಶಲಕರ್ಮಿಯ ಅರಿವು: ಒಂದು ಜಾನಪದೀಯ ವಿಮರ್ಶೆ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸ್ವತಂತ್ರ ಶಿಸ್ತಾಗಿ ರೂಪುಗೊಂಡ ಅಧ್ಯಯನಗಳಲ್ಲಿ ಎಂಜಿನಿಯರಿಂಗ್ ವಿನ್ಯಾಸ ಸಂಶೋಧನೆಯೂ ಒಂದು. ಯಂತ್ರವನ್ನೋ ಸಲಕರಣೆಯನ್ನೋ ರೂಪಿಸುವುದು ಬೇರೆ, ರೂಪಿಸುವ ಕ್ರಿಯೆ ಮನುಷ್ಯನಲ್ಲಿ ಹೇಗೆ ನಡೆಯುತ್ತದೆ ಎಂದು ಕೇಳುವುದು ಬೇರೆ. ಈ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನಗಳು ಗ್ರಂಥಗಳಲ್ಲಿ ನಡೆದಷ್ಟೇ ಸಂಕಿರಣ ಮತ್ತು ಕಮ್ಮಟಗಳಲ್ಲಿಯೂ ನಡೆದಿವೆ. ಕನ್ನಡದಲ್ಲಿ ‘ಕಮ್ಮಟ’ ಎಂದರೆ ಮೂಲದಲ್ಲಿ ನಾಣ್ಯಗಳನ್ನು ಅಚ್ಚುಹಾಕುವ ಸ್ಥಳ. ಕೈಕೆಲಸದ ಈ ಪದವು ವಿದ್ವಾಂಸರ ಚರ್ಚಾಕೂಟಕ್ಕೆ ಹೆಸರಾಗಿರುವುದು ಗಮನಾರ್ಹ. ಆದರೆ ವಿನ್ಯಾಸ ಸಿದ್ಧಾಂತದ ಕಮ್ಮಟಗಳಲ್ಲಿ ಕೈಕೆಲಸದವನಿಗೆ ದೊರೆತ ಸ್ಥಾನ ಯಾವುದು? ಆತನನ್ನು ಆರಂಭದಲ್ಲಿ ಸ್ಮರಿಸಲಾಗಿದೆ. ಅನಂತರ ಆತನಿಲ್ಲದೆಯೇ ಚರ್ಚೆ ಮುಂದುವರಿದಿದೆ. ಈ ಬೆಳವಣಿಗೆಯನ್ನು ಜಾನಪದ ಅಧ್ಯಯನದ ಅನುಭವದ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

1. ಲಂಡನ್ನಿನ ಸಂಕಿರಣ ಮತ್ತು ಒಂದು ಭಾರತೀಯ ಹಳ್ಳಿ

1962ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ನಡೆದ ವಿನ್ಯಾಸ ವಿಧಾನಗಳ ಸಂಕಿರಣವನ್ನು ಈ ಶಿಸ್ತಿನ ಆರಂಭಬಿಂದುವೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಎಂಜಿನಿಯರುಗಳು, ವಾಸ್ತುಶಿಲ್ಪಿಗಳು ಮತ್ತು ಕೈಗಾರಿಕಾ ವಿನ್ಯಾಸಕಾರರು ಒಂದೆಡೆ ಸೇರಿ, ವಿನ್ಯಾಸಕ್ಕೆ ಕ್ರಮಬದ್ಧವಾದ ವಿಧಾನವೊಂದು ಸಾಧ್ಯವೇ ಎಂದು ಅಲ್ಲಿ ಚರ್ಚಿಸಿದರು. ಅದರ ಸಂಘಟಕರಲ್ಲಿ ಒಬ್ಬರಾದ ಜೆ. ಕ್ರಿಸ್ಟೋಫರ್ ಜೋನ್ಸ್ ಮುಂದೆ 1970ರಲ್ಲಿ ಪ್ರಕಟಿಸಿದ ‘ಡಿಸೈನ್ ಮೆಥಡ್ಸ್’ ಗ್ರಂಥವು ಈ ಕ್ಷೇತ್ರದ ಆಕರಕೃತಿಯಾಯಿತು.

ಕ್ರಿಸ್ಟೋಫರ್ ಅಲೆಗ್ಸಾಂಡರ್ ಆ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ವಸು ಭಾರತದ ಒಂದು ಹಳ್ಳಿ. ಗುಜರಾತಿನ ಆ ಹಳ್ಳಿಯ ಅಧ್ಯಯನವನ್ನು ಅವರು 1964ರ ‘ನೋಟ್ಸ್ ಆನ್ ದಿ ಸಿಂಥೆಸಿಸ್ ಆಫ್ ಫಾರ್ಮ್’ ಕೃತಿಯ ಅನುಬಂಧದಲ್ಲಿ ವಿಸ್ತರಿಸಿದರು. ಆರುನೂರು ಜನರ ಹಳ್ಳಿಯೊಂದರ ಅಗತ್ಯಗಳನ್ನು 141 ಅಂಶಗಳಾಗಿ ಪಟ್ಟಿಮಾಡಿ, ಅವುಗಳ ಪರಸ್ಪರ ಸಂಬಂಧಗಳನ್ನು ಗಣಿತದ ನೆರವಿನಿಂದ ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿಗೂ ಒಂದು ರೂಪವನ್ನು ಸೂಚಿಸುವುದು ಅವರ ಕ್ರಮ. ವಿಧಾನದ ದೃಷ್ಟಿಯಿಂದ ಇದು ಮಹತ್ವದ ಸಾಧನೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಪಟ್ಟಿಯಲ್ಲಿ ಅಸ್ಪೃಶ್ಯತೆಯ ಆಚರಣೆ, ಮನೆಯ ಬಾಗಿಲಿನ ದಿಕ್ಕಿನ ಕುರಿತ ನಂಬಿಕೆ, ಹಬ್ಬಗಳಿಗೆ ಬೇಕಾದ ಅನುಕೂಲ, ದನಕರುಗಳ ಅಗತ್ಯ ಎಲ್ಲವೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಯಾರ ಅಗತ್ಯ, ಯಾರ ಮೇಲೆ ಹೇರಿದ ನಿರ್ಬಂಧ ಎಂಬ ಭೇದವು ಸಂಖ್ಯೆಗಳ ನಡುವೆ ಮರೆಯಾಗುತ್ತದೆ. ಹಳ್ಳಿಯು ಸಮಸ್ಯೆಯಾಗಿ ಸಂಕಿರಣವನ್ನು ಪ್ರವೇಶಿಸಿತೇ ಹೊರತು, ತನ್ನ ಮನೆಯನ್ನೂ ನೇಗಿಲನ್ನೂ ತಾನೇ ರೂಪಿಸಿಕೊಂಡ ವಿನ್ಯಾಸಕಾರನಾಗಿ ಪ್ರವೇಶಿಸಲಿಲ್ಲ.

ಅದೇ ಕೃತಿಯಲ್ಲಿ ಅಲೆಗ್ಸಾಂಡರ್ ಪರಂಪರಾಗತ ಸಮಾಜಗಳ ನಿರ್ಮಾಣ ಕ್ರಮವನ್ನು ಸ್ವಪ್ರಜ್ಞೆಯಿಲ್ಲದ ಪ್ರಕ್ರಿಯೆ ಎಂದು ಕರೆದರು. ಅವರ ಪ್ರಕಾರ ಅಲ್ಲಿ ರೂಪವು ಪರಿಸರಕ್ಕೆ ಚೆನ್ನಾಗಿ ಹೊಂದಿಕೊಂಡಿರುತ್ತದೆ; ಆದರೆ ಆ ಹೊಂದಾಣಿಕೆಯ ಶ್ರೇಯಸ್ಸು ವ್ಯಕ್ತಿಗೆ ಸಲ್ಲುವುದಿಲ್ಲ. ತಪ್ಪು ಕಂಡಾಗ ತಿದ್ದುವುದಷ್ಟೇ ಆತನ ಕೆಲಸ. ಉಳಿದುದನ್ನು ಪರಂಪರೆಯೇ ಮಾಡುತ್ತದೆ. ಮೇಲ್ನೋಟಕ್ಕೆ ಗೌರವದಂತೆ ಕಾಣುವ ಈ ವಿವರಣೆಯು ಕುಶಲಕರ್ಮಿಯ ಬುದ್ಧಿಯನ್ನು ಆತನಿಂದ ಕಸಿದು ಪರಂಪರೆಯ ಹೆಸರಿಗೆ ಬರೆಯುತ್ತದೆ.

2. ವಾಹಕನಿಂದ ಕರ್ತೃವಿಗೆ

ಜಾನಪದ ಅಧ್ಯಯನಕ್ಕೆ ಈ ತೊಡಕು ಹೊಸದಲ್ಲ. ಜನಪದ ಕಾವ್ಯವು ಸಮೂಹದ ಸೃಷ್ಟಿ, ಹಾಡುಗಾರನು ಕೇವಲ ವಾಹಕ ಎಂಬ ನಂಬಿಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಬಲವಾಗಿತ್ತು. ಮಿಲ್ಮನ್ ಪ್ಯಾರಿ 1933ರಿಂದ 1935ರವರೆಗೆ ಯುಗೊಸ್ಲಾವಿಯದಲ್ಲಿ ನಡೆಸಿದ ಕ್ಷೇತ್ರಕಾರ್ಯ ಮತ್ತು ಅದನ್ನು ಮುಂದುವರಿಸಿದ ಆಲ್ಬರ್ಟ್ ಲಾರ್ಡ್ ಅವರ ‘ದಿ ಸಿಂಗರ್ ಆಫ್ ಟೇಲ್ಸ್’ ಕೃತಿ (1960) ಈ ನಂಬಿಕೆಯನ್ನು ಸಡಿಲಗೊಳಿಸಿದವು. ಸೂತ್ರಗಳೂ ವಸ್ತುವೂ ಪರಂಪರೆಯಿಂದ ಬಂದರೂ ಪ್ರತಿ ಹಾಡುಗಾರಿಕೆಯೂ ಹೊಸ ರಚನೆಯೇ, ಹಾಡುವವನು ಹಾಡುತ್ತಲೇ ಕಟ್ಟುವ ಕವಿ ಎಂಬುದು ಅದರಿಂದ ಸಿದ್ಧವಾಯಿತು.

ಲಾರ್ಡ್ ಮತ್ತು ಅಲೆಗ್ಸಾಂಡರ್ ಇಬ್ಬರ ಕೃತಿಗಳನ್ನೂ ನಾಲ್ಕು ವರ್ಷಗಳ ಅಂತರದಲ್ಲಿ ಪ್ರಕಟಿಸಿದ್ದು ಒಂದೇ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮುದ್ರಣಾಲಯ. ಒಂದು ಕೃತಿಯಲ್ಲಿ ಅನಕ್ಷರಸ್ಥ ಗಾಯಕನು ಕರ್ತೃವಾಗುತ್ತಾನೆ. ಮತ್ತೊಂದರಲ್ಲಿ ಮನೆ ಕಟ್ಟುವವನು ಪರಂಪರೆಯ ಉಪಕರಣವಾಗಿಯೇ ಉಳಿಯುತ್ತಾನೆ. ಹಾಡಿಗೆ ದೊರೆತ ನ್ಯಾಯ ಗಾಲಿಗೆ ದೊರೆಯಲಿಲ್ಲ.

ಗಾಲಿಯ ಉದಾಹರಣೆಯನ್ನು ವಿನ್ಯಾಸ ಸಿದ್ಧಾಂತವೇ ಒದಗಿಸಿದೆ. ಇಂಗ್ಲೆಂಡಿನ ಫಾರ್ನ್‌ಹ್ಯಾಮ್ ಊರಿನ ಜಾರ್ಜ್ ಸ್ಟರ್ಟ್ 1884ರಲ್ಲಿ ತಂದೆಯ ಬಂಡಿ ತಯಾರಿಕೆಯ ಕಸಬನ್ನು ವಹಿಸಿಕೊಂಡು, ಆ ಅನುಭವವನ್ನು 1923ರಲ್ಲಿ ‘ದಿ ವೀಲ್‌ರೈಟ್ಸ್ ಶಾಪ್’ ಎಂಬ ಗ್ರಂಥವಾಗಿ ಪ್ರಕಟಿಸಿದರು. ಅಲ್ಲಿನ ಬಂಡಿಯ ಗಾಲಿ ಚಪ್ಪಟೆಯಾಗಿರದೆ ತಟ್ಟೆಯಂತೆ ಸ್ವಲ್ಪ ತಗ್ಗಾಗಿರುತ್ತಿತ್ತು. ಹಾಗಿರಬೇಕೆಂಬುದು ಕೆಲಸಗಾರರೆಲ್ಲರಿಗೂ ಗೊತ್ತು. ಏಕೆಂಬುದು ಸ್ಟರ್ಟ್ ಅವರಿಗೆ ಬಹುಕಾಲದ ನಂತರವಷ್ಟೇ ಹೊಳೆಯಿತು. ಕುದುರೆಯ ನಡಿಗೆಯಿಂದ ಭಾರವು ಅತ್ತಿತ್ತ ತೂಗಿ ಗಾಲಿಯನ್ನು ಹೊರಕ್ಕೆ ಒತ್ತುತ್ತದೆ; ಆ ಒತ್ತಡವನ್ನು ತಗ್ಗಾದ ಗಾಲಿ ತಡೆಯುತ್ತದೆ. ಜೋನ್ಸ್ ಈ ಪ್ರಸಂಗವನ್ನು ತಮ್ಮ ಗ್ರಂಥದಲ್ಲಿ ಬಳಸಿಕೊಂಡು, ಕುಶಲಕರ್ಮಿಗಳು ನಕ್ಷೆ ಬರೆಯುವುದಿಲ್ಲ, ತಾವು ಮಾಡುವುದಕ್ಕೆ ಕಾರಣ ಹೇಳಲಾರರು, ರೂಪವು ಶತಮಾನಗಳ ತಿದ್ದುಪಡಿಯಿಂದ ವಿಕಾಸವಾಗುತ್ತದೆ ಎಂಬ ನಿರ್ಣಯಗಳತ್ತ ಸಾಗುತ್ತಾರೆ. ಚಿಂತನೆಯನ್ನು ತಯಾರಿಕೆಯಿಂದ ಬೇರ್ಪಡಿಸಿದ ನಕ್ಷೆಯೇ ಮುಂದಿನ ಹಂತವೆಂಬುದು ಅವರ ವಾದ. ದೊಡ್ಡ ಹಡಗನ್ನೋ ಯಂತ್ರವನ್ನೋ ಹಲವರು ಹಂಚಿಕೊಂಡು ಕಟ್ಟಲು ನಕ್ಷೆ ಅನಿವಾರ್ಯ ಎಂಬ ಮಟ್ಟಿಗೆ ಈ ವಾದ ನಿಲ್ಲುತ್ತದೆ. ಆದರೆ ಕಾರಣವನ್ನು ವಾಕ್ಯವಾಗಿ ಹೇಳಲಾರದವನು ಕಾರಣವನ್ನು ಅರಿಯನು ಎಂಬ ಧ್ವನಿಯನ್ನು ಒಪ್ಪಲಾಗದು. ಮರದ ಗುಣ, ರಸ್ತೆಯ ಸ್ಥಿತಿ, ಕೊಳ್ಳುವ ರೈತನ ಹೊಲದ ಮಣ್ಣು ಇವುಗಳಿಗೆ ತಕ್ಕಂತೆ ಪ್ರತಿ ಬಂಡಿಯಲ್ಲಿಯೂ ವ್ಯತ್ಯಾಸ ಮಾಡುತ್ತಿದ್ದ ಕೆಲಸಗಾರರನ್ನು ಸ್ಟರ್ಟ್ ಅವರೇ ಚಿತ್ರಿಸಿದ್ದಾರೆ. ಅದು ಅನುಕರಣೆಯಲ್ಲ, ನಿರ್ಧಾರ.

3. ಡೆಲ್ಫ್ಟ್ ಕಮ್ಮಟ: ಧ್ವನಿಮುದ್ರಿತ ವಿನ್ಯಾಸಕಾರ

1970ರ ದಶಕದ ಆರಂಭಕ್ಕೇ ಅಲೆಗ್ಸಾಂಡರ್ ವಿಧಾನಗಳ ಚಳವಳಿಯಿಂದ ಬಹಿರಂಗವಾಗಿ ದೂರ ಸರಿದರು. ಜೋನ್ಸ್ ಕೂಡ ಅದರಿಂದ ಹೊರಳಿದರು. ವಿಧಾನವನ್ನು ವಿಧಿಸುವುದಕ್ಕಿಂತ ವಿನ್ಯಾಸಕಾರರು ವಾಸ್ತವವಾಗಿ ಏನು ಮಾಡುತ್ತಾರೆ ಎಂದು ನೋಡುವುದು ಮೊದಲು ಆಗಬೇಕು ಎಂಬ ನಿಲುವು ಬಲಗೊಂಡಿತು. ಡೊನಾಲ್ಡ್ ಶೋನ್ ಅವರ ‘ದಿ ರಿಫ್ಲೆಕ್ಟಿವ್ ಪ್ರಾಕ್ಟಿಷನರ್’ (1983) ಈ ತಿರುವಿಗೆ ಒತ್ತಾಸೆಯಾಯಿತು.

ಈ ನಿಲುವಿನ ಫಲವಾಗಿ 1994ರ ಸೆಪ್ಟೆಂಬರಿನಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾನಿಲಯದಲ್ಲಿ ನಡೆದ ಕಮ್ಮಟವು ವಿಧಾನದ ದೃಷ್ಟಿಯಿಂದ ಅನನ್ಯವಾದುದು. ಬೆನ್ನುಚೀಲವನ್ನು ಬೆಟ್ಟದ ಸೈಕಲ್ಲಿಗೆ ಕಟ್ಟಿ ಒಯ್ಯುವ ಸಾಧನವೊಂದನ್ನು ರೂಪಿಸುವಂತೆ ಒಬ್ಬ ಅನುಭವಿ ವಿನ್ಯಾಸಕಾರನಿಗೂ ಮೂವರ ತಂಡವೊಂದಕ್ಕೂ ಹೇಳಿ, ಎರಡು ಗಂಟೆಗಳ ಅವಧಿಯ ಅವರ ಕೆಲಸವನ್ನು ವಿಡಿಯೋದಲ್ಲಿ ದಾಖಲಿಸಲಾಯಿತು. ಒಬ್ಬನೇ ಕೆಲಸ ಮಾಡಿದವನು ತನ್ನ ಯೋಚನೆಯನ್ನು ಗಟ್ಟಿಯಾಗಿ ಹೇಳುತ್ತ ಮಾಡಬೇಕಿತ್ತು. ಅದೇ ದಾಖಲೆಗಳನ್ನು ಬೇರೆ ಬೇರೆ ಸಂಶೋಧಕರಿಗೆ ಕಳುಹಿಸಿ, ಅವರವರ ವಿಶ್ಲೇಷಣೆಗಳನ್ನು ಕಮ್ಮಟದಲ್ಲಿ ಮುಖಾಮುಖಿಯಾಗಿಸಲಾಯಿತು. ಈ ಪ್ರಬಂಧಗಳು 1996ರಲ್ಲಿ ಸಂಪುಟವಾಗಿ ಹೊರಬಂದವು. ಒಂದೇ ಆಕರವನ್ನು ಎಲ್ಲರ ಮುಂದಿಟ್ಟು ವ್ಯಾಖ್ಯಾನಗಳ ಭೇದವನ್ನೇ ಪರಿಶೀಲಿಸುವ ಈ ಕ್ರಮವು ಜಾನಪದ ಸಂಶೋಧನೆಗೂ ಮಾದರಿಯಾಗಬಲ್ಲದು. ಒಂದೇ ಕಾವ್ಯದ ಒಂದೇ ಧ್ವನಿಮುದ್ರಣವನ್ನು ಹತ್ತು ವಿದ್ವಾಂಸರ ಕೈಗಿತ್ತು ನಡೆಸುವ ಕಮ್ಮಟದಿಂದ ಕನ್ನಡದ ಮೌಖಿಕ ಕಾವ್ಯಗಳ ಅಧ್ಯಯನಕ್ಕೆ ಆಗುವ ಲಾಭ ಅಪಾರ.

ಆದರೆ ಇದರ ಮಿತಿಯನ್ನು ಗುರುತಿಸಲು ಜಾನಪದ ಕ್ಷೇತ್ರಕಾರ್ಯದ ಪಾಠಗಳೇ ಸಾಕು. ಅಲನ್ ಡಂಡೆಸ್ 1964ರಲ್ಲಿಯೇ ಪಠ್ಯ, ಅದರ ಭಾಷಿಕ ಹೆಣಿಗೆ ಮತ್ತು ಸಂದರ್ಭ ಈ ಮೂರನ್ನೂ ಕೂಡಿಯೇ ನೋಡಬೇಕೆಂದು ವಾದಿಸಿದ್ದರು. ನಾಟಿ ಮಾಡುತ್ತ ಹಾಡುವ ಹೆಣ್ಣುಮಗಳನ್ನು ಧ್ವನಿಮುದ್ರಣದ ಕೋಣೆಯಲ್ಲಿ ಕೂರಿಸಿ ಹಾಡಿಸಿದರೆ ಹಾಡು ದೊರೆಯುತ್ತದೆ, ಗದ್ದೆ ದೊರೆಯುವುದಿಲ್ಲ. ಡೆಲ್ಫ್ಟ್ ದಾಖಲೆಯಲ್ಲಿಯೂ ಆದುದು ಇದೇ. ಬಳಸುವವನ ದೂರು, ದುರಸ್ತಿ, ಕಚ್ಚಾವಸ್ತುವಿನ ಅಭಾವ, ವರ್ಷಗಳ ಒಡನಾಟ ಇವಾವುವೂ ಎರಡು ಗಂಟೆಯ ಅವಧಿಯಲ್ಲಿ ಇರಲು ಸಾಧ್ಯವಿಲ್ಲ. ಮೇಲಾಗಿ, ಮಾತಾಗಿ ಹೊರಬಂದದ್ದನ್ನೇ ಯೋಚನೆಯೆಂದು ಎಣಿಸಿದಾಗ ಕೈಯಲ್ಲಿ ನಡೆಯುವ ಯೋಚನೆ ಲೆಕ್ಕಕ್ಕೆ ಸಿಗುವುದಿಲ್ಲ. ಅದೇ 1994ರಲ್ಲಿ ಲೂಯಿ ಬುಚಿಯರೆಲಿ ‘ಡಿಸೈನಿಂಗ್ ಎಂಜಿನಿಯರ್ಸ್’ ಕೃತಿಯಲ್ಲಿ ಎಂಜಿನಿಯರುಗಳ ಜೊತೆಗಿದ್ದು ಗಮನಿಸಿ, ವಿನ್ಯಾಸವು ಸಾಮಾಜಿಕ ಪ್ರಕ್ರಿಯೆ ಎಂದು ತೋರಿಸಿದರು. ಈ ದಾರಿ ಕಾರ್ಖಾನೆಯ ಬಾಗಿಲವರೆಗೆ ಬಂದಿತು, ಕುಲುಮೆಯವರೆಗೆ ಬರಲಿಲ್ಲ.

4. ಬೆಂಗಳೂರಿನ ಕಮ್ಮಟ ಮತ್ತು ಕೂರಿಗೆಯ ಪ್ರಶ್ನೆ

ಈ ಚರ್ಚೆಗೆ ಕರ್ನಾಟಕದೊಡನೆ ನೇರ ಸಂಬಂಧವಿದೆ. ವಿನ್ಯಾಸ ಸಂಶೋಧನೆಯ ಅಂತರರಾಷ್ಟ್ರೀಯ ಸಮ್ಮೇಳನಗಳ ಸರಣಿಯೊಂದು 2006ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾಯಿತು. ಆ ಸಂಸ್ಥೆಯ ಅಮರೇಶ್ ಚಕ್ರಬರ್ತಿ ಅವರು ಲೂಸಿಯೆನ್ ಬ್ಲೆಸ್ಸಿಂಗ್ ಅವರೊಡನೆ 2009ರಲ್ಲಿ ಪ್ರಕಟಿಸಿದ ಗ್ರಂಥವು ವಿನ್ಯಾಸ ಸಂಶೋಧನೆಗೆ ನಾಲ್ಕು ಹಂತಗಳ ಚೌಕಟ್ಟನ್ನು ನೀಡಿತು. 2013ರಲ್ಲಿ ಅದೇ ಸಂಸ್ಥೆಯಲ್ಲಿ ವಿನ್ಯಾಸದ ಮಾದರಿಗಳು ಮತ್ತು ಸಿದ್ಧಾಂತಗಳನ್ನು ಕುರಿತ ಅಂತರರಾಷ್ಟ್ರೀಯ ಕಮ್ಮಟ ಜರುಗಿತು. 2014ರಲ್ಲಿ ಅದರ ಫಲವಾದ ಸಂಕಲನ ಪ್ರಕಟವಾಯಿತು. ಲಂಡನ್ನಿಗೆ ಭಾರತದ ಹಳ್ಳಿಯೊಂದು ಪ್ರಬಂಧವಾಗಿ ಹೋದ ಅರ್ಧ ಶತಮಾನದ ನಂತರ ಸಿದ್ಧಾಂತದ ಕಮ್ಮಟವೇ ಭಾರತಕ್ಕೆ ಬಂದಿತೆನ್ನಬಹುದು.

ಈ ಅವಧಿಯ ಸಿದ್ಧಾಂತಗಳಲ್ಲಿ ಹೆಚ್ಚು ಚರ್ಚಿತವಾದುದು ಫ್ರಾನ್ಸಿನ ಆರ್ಮಾನ್ ಹಾಚುಯೆಲ್ ಮತ್ತು ಬೆನ್ವಾ ವೇಲ್ ರೂಪಿಸಿದ ಪರಿಕಲ್ಪನೆ–ಜ್ಞಾನ ಸಿದ್ಧಾಂತ. ಸತ್ಯವೆಂದೋ ಸುಳ್ಳೆಂದೋ ತೀರ್ಮಾನಿಸಬಹುದಾದ ಹೇಳಿಕೆಗಳು ಜ್ಞಾನದ ವಲಯದಲ್ಲಿರುತ್ತವೆ. ಇನ್ನೂ ಹಾಗೆ ತೀರ್ಮಾನಿಸಲಾಗದ ಹೇಳಿಕೆಗಳು ಪರಿಕಲ್ಪನೆಯ ವಲಯದಲ್ಲಿರುತ್ತವೆ. ಎರಡೂ ಒಂದನ್ನೊಂದು ಹಿಗ್ಗಿಸುವುದೇ ವಿನ್ಯಾಸ ಎಂಬುದು ಅದರ ಸಾರ. ಹೊಸದರ ಹುಟ್ಟನ್ನು ವಿವರಿಸುವಲ್ಲಿ ಇದು ಸಮರ್ಥವಾಗಿದೆ. ಆದರೆ ಕಾರಣ ಹೊಳೆಯುವ ಮುನ್ನವೇ ಗಾಲಿಯನ್ನು ಸರಿಯಾಗಿ ಮಾಡುತ್ತಿದ್ದ ಸ್ಟರ್ಟ್ ಅಂಗಡಿಯ ಕೆಲಸಗಾರನ ಅರಿವು ಯಾವ ವಲಯಕ್ಕೆ ಸೇರುತ್ತದೆ? ಅದು ಹೇಳಿಕೆಯಲ್ಲ, ಆದುದರಿಂದ ಸತ್ಯ–ಸುಳ್ಳುಗಳ ತೀರ್ಮಾನಕ್ಕೆ ಒದಗದು. ಆದರೂ ಅದು ನಿಸ್ಸಂದೇಹವಾಗಿ ಜ್ಞಾನವೇ.

ಕರ್ನಾಟಕದ ಕೂರಿಗೆಯು ಈ ಪ್ರಶ್ನೆಯನ್ನು ಇನ್ನಷ್ಟು ಸ್ಪಷ್ಟಗೊಳಿಸುತ್ತದೆ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇದನ್ನು ದಾಖಲಿಸಿದ್ದಾನೆ. ಮೇಲೆ ಬೀಜ ಬಿಡುವ ಮರದ ಬಟ್ಟಲು, ಅದರ ತಳದ ರಂಧ್ರಗಳಿಂದ ಇಳಿಯುವ ಬಿದಿರಿನ ಕೊಳವೆಗಳು, ಕೆಳಗೆ ನೆಲ ಸೀಳುವ ತಾಳುಗಳು – ಇಷ್ಟೇ ಅದರ ಅಂಗಗಳು. ಸಾಲುಗಳ ಅಂತರ ರಾಗಿಗೆ ಕಿರಿದು, ಜೋಳಕ್ಕೆ ಅಗಲ. ಅದಕ್ಕೆ ತಕ್ಕಂತೆ ತಾಳುಗಳ ಸಂಖ್ಯೆಯೂ ಬದಲಾಗುತ್ತದೆ. ಅಕ್ಕಡಿ ಕಾಳು ಬಿತ್ತಲು ಹಿಂದೆ ಬೇರೊಂದು ಕೊಳವೆ. ಇಂಗ್ಲೆಂಡಿನ ಜೆಥ್ರೊ ಟಲ್ 1701ರ ಸುಮಾರಿಗೆ ರೂಪಿಸಿದ ಬಿತ್ತುವ ಯಂತ್ರದಲ್ಲಿ ಬೀಜದ ಪ್ರಮಾಣವನ್ನು ತಿರುಗುವ ಭಾಗವೊಂದು ನಿಯಂತ್ರಿಸುತ್ತಿತ್ತು. ಕೂರಿಗೆಯಲ್ಲಿ ಅಂತಹ ಭಾಗವಿಲ್ಲ. ಬೀಜ ಬಿಡುವವರ ಬೆರಳುಗಳೇ ಆ ಕೆಲಸ ಮಾಡುತ್ತವೆ. ಎತ್ತಿನ ನಡಿಗೆಗೆ ಹೊಂದಿ, ಎಲ್ಲ ರಂಧ್ರಗಳಿಗೂ ಸಮನಾಗಿ ಬೀಜ ಬೀಳುವಂತೆ ಬಿಡುವುದು ಅಭ್ಯಾಸಬಲದಿಂದ ಬರುವ ಕೌಶಲ. ಯಂತ್ರದ ಕಣ್ಣಿನಿಂದ ನೋಡಿದರೆ ಇದು ಕೊರತೆ. ವಿನ್ಯಾಸದ ಕಣ್ಣಿನಿಂದ ನೋಡಿದರೆ ಸಲಕರಣೆಯ ಒಂದು ಕಾರ್ಯವನ್ನು ಕೈಗೆ ವಹಿಸಿ, ಉಳಿದುದನ್ನು ಹಳ್ಳಿಯಲ್ಲೇ ದೊರೆಯುವ ಮರ, ಬಿದಿರು, ಕಬ್ಬಿಣಗಳಿಂದ ಸಾಧಿಸಿದ ಹಂಚಿಕೆ. ಸಲಕರಣೆಯನ್ನು ಮಾತ್ರ ಅಳೆದು ನಕ್ಷೆ ಬರೆದರೆ ಅರ್ಧ ಕೂರಿಗೆ ಮಾತ್ರ ದಾಖಲಾಗುತ್ತದೆ.

5. ಜಾನಪದ ಅಧ್ಯಯನದ ಹೊಣೆ

ಹೀಗಿರುವಾಗ ದೋಷವನ್ನು ಎಂಜಿನಿಯರಿಂಗ್ ವಿದ್ವಾಂಸರ ಮೇಲಷ್ಟೇ ಹೊರಿಸುವುದು ನ್ಯಾಯವಲ್ಲ. ಕನ್ನಡ ಜಾನಪದ ಅಧ್ಯಯನವು ಹಾಡು, ಕಥೆ, ಕಾವ್ಯಗಳಿಗೆ ನೀಡಿದಷ್ಟು ಗಮನವನ್ನು ಭೌತಿಕ ಸಂಸ್ಕೃತಿಗೆ ನೀಡಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ರಾಮನಗರದ ಜಾನಪದ ಲೋಕ ಇವು ಸಲಕರಣೆಗಳನ್ನು ಉಳಿಸಿದ್ದು ಸಣ್ಣ ಉಪಕಾರವಲ್ಲ. ಆದರೆ ಸಂಗ್ರಹಾಲಯಕ್ಕೆ ಬರುವುದು ಮುಗಿದ ವಸ್ತು. ಅದನ್ನು ಮಾಡುವಾಗ ಬಡಗಿಯು ಕೈಬಿಟ್ಟ ಮರ, ಕಮ್ಮಾರನು ಹಳಿಯನ್ನು ಕಾಯಿಸಿ ಗಾಲಿಗೆ ತೊಡಿಸಿ ನೀರೆರೆಯುವ ಕ್ಷಣದ ನಿರ್ಣಯ, ರೈತನು ಮರಳಿ ತಂದು ತಿದ್ದಿಸಿಕೊಂಡ ದೋಷ ಇವಾವುವೂ ವಸ್ತುವಿನ ಜೊತೆ ಬರುವುದಿಲ್ಲ. ಪ್ರಬಂಧಗಳಲ್ಲಿಯೂ ಅಂಗಗಳ ಹೆಸರು, ಅಳತೆ, ಸಂಬಂಧಿತ ಗಾದೆ, ಪೂಜೆಯ ವಿವರ ದೊರೆಯುವಷ್ಟು ಸುಲಭವಾಗಿ ‘ಹೀಗೇ ಏಕೆ ಮಾಡಿದೆ?’ ಎಂಬ ಪ್ರಶ್ನೆ ದೊರೆಯುವುದಿಲ್ಲ.

ಕುಶಲಕರ್ಮಿಯ ಅರಿವನ್ನು ವೈಭವೀಕರಿಸುವುದೂ ಸಲ್ಲದು. ಅದು ಜಾತಿಯ ಗೋಡೆಗಳೊಳಗೆ ಹರಿದುಬಂದ ಅರಿವು. ಹೆಂಗಸರನ್ನು ಕುಲುಮೆಯಲ್ಲಿ ತಿದಿಯೂದಲು ಸೇರಿಸಿಕೊಂಡರೂ ಕಸಬುದಾರರೆಂದು ಎಣಿಸದ ಅರಿವು. ಪರಿಸ್ಥಿತಿ ಥಟ್ಟನೆ ಬದಲಾದಾಗ ಅದು ತಡವರಿಸಿದ್ದೂ ಉಂಟು. ಆದರೆ ಬಂಡಿಗೆ ರಬ್ಬರಿನ ಚಕ್ರ ಬಂದಾಗ, ಕೂರಿಗೆಯು ಟ್ರ್ಯಾಕ್ಟರಿನ ಹಿಂದೆ ಸೇರಿದಾಗ ಹಳ್ಳಿಯ ಬಡಗಿ–ಕಮ್ಮಾರರು ಮಾಡಿಕೊಂಡ ಹೊಂದಾಣಿಕೆಗಳು ಸ್ವಪ್ರಜ್ಞೆಯಿಲ್ಲದ ಪರಂಪರೆ ಎಂಬ ವಿವರಣೆಗೆ ನಿಲುಕುವುದಿಲ್ಲ. ಅವು ಬಲ್ಲವರ ಆಯ್ಕೆಗಳು.

ಒಟ್ಟಿನಲ್ಲಿ, ವಿನ್ಯಾಸ ಸಿದ್ಧಾಂತದ ಕಮ್ಮಟಗಳು ವಿನ್ಯಾಸವನ್ನು ಪ್ರಶ್ನೆಯಾಗಿಸಿದ್ದು, ಆಕರಗಳನ್ನು ಹಂಚಿಕೊಂಡು ವಾದಿಸುವ ಪದ್ಧತಿ ಬೆಳೆಸಿದ್ದು ನಿರ್ವಿವಾದ ಸಾಧನೆಗಳು. ಚಕ್ರಬರ್ತಿ–ಬ್ಲೆಸ್ಸಿಂಗ್ ಚೌಕಟ್ಟು ವಿವರಣಾತ್ಮಕ ಅಧ್ಯಯನಕ್ಕೆ ನೀಡಿದ ಸ್ಥಾನದಲ್ಲಿ ಕುಲುಮೆಗೂ ಅವಕಾಶವಿದೆ. ಆ ಅವಕಾಶವನ್ನು ತುಂಬಬೇಕಾದ ಕ್ಷೇತ್ರಕಾರ್ಯ ಜಾನಪದ ವಿದ್ವಾಂಸರದು. ಅದನ್ನು ಸಿದ್ಧಾಂತದ ಪರೀಕ್ಷೆಯಾಗಿ ಸ್ವೀಕರಿಸಬೇಕಾದ ಹೊಣೆ ಎಂಜಿನಿಯರಿಂಗ್ ವಿದ್ವಾಂಸರದು. ಮರದ ಗಾಲಿ ಮಾಡಬಲ್ಲ, ಕೂರಿಗೆಯ ಬಟ್ಟಲು ಕೊರೆಯಬಲ್ಲ ಕೈಗಳು ವಿರಳವಾಗುತ್ತಿವೆ. ಗ್ರಂಥಗಳು ಗ್ರಂಥಾಲಯಗಳಲ್ಲಿ ಉಳಿಯುತ್ತವೆ, ಸಲಕರಣೆಗಳು ಸಂಗ್ರಹಾಲಯಗಳಲ್ಲಿ ಉಳಿಯುತ್ತವೆ. ಕೈಯ ಅರಿವು ಕೈಯೊಡನೆಯೇ ಹೋಗುತ್ತದೆ. ಮುಂದಿನ ಕಮ್ಮಟದ ಆಹ್ವಾನಿತರ ಪಟ್ಟಿಯಲ್ಲಿ ಒಬ್ಬ ಬಡಗಿಯ ಹೆಸರೂ ಇರಬೇಕಾದುದು ಈ ಕಾರಣದಿಂದ. ಸನ್ಮಾನ ಸ್ವೀಕರಿಸಲು ಅಲ್ಲ, ಸಿದ್ಧಾಂತಕ್ಕೆ ಉತ್ತರ ಹೇಳಲು.