ಮದ್ಯಸಾರಶುದ್ಧಿಯೂ ‘ಸೋಸುವಿಕೆ’ ಎಂಬ ಪದವೂ

ಸಸ್ಯದ್ರವ್ಯದಿಂದ ಪಡೆದ ಮದ್ಯಸಾರವನ್ನು ಪೊರೆಯ ಮೂಲಕ ನಿರ್ಜಲಗೊಳಿಸುವ ಕ್ರಮವನ್ನು ಕನ್ನಡದಲ್ಲಿ ವಿವರಿಸುವವರು ಅದನ್ನು ‘ಸೋಸುವಿಕೆ’ ಎಂದು ಕರೆಯುವುದುಂಟು. ಈ ಪ್ರಯೋಗವು ಪರೀಕ್ಷಾರ್ಹವಾಗಿದೆ. ಇಲ್ಲಿ ಪದದೋಷವು ಅರ್ಥದೋಷವಾಗಿ ಪರಿಣಮಿಸಿರುವುದು.

ಕಬ್ಬಿನ ಸಿಪ್ಪೆ, ಮೆಕ್ಕೆಜೋಳದ ದಂಟು ಮುಂತಾದವುಗಳ ನಾರನ್ನು ಸಕ್ಕರೆಯಾಗಿ ಒಡೆದು ಹುದುಗಿಸಿದಾಗ ದೊರೆಯುವ ದ್ರವದಲ್ಲಿ ಬಹುಭಾಗವು ನೀರೇ. ಸಾಧಾರಣ ರೀತಿಯಲ್ಲಿ ಬಟ್ಟಿಯಿಳಿಸಿದರೆ ಮದ್ಯಸಾರವು ತೂಕದಲ್ಲಿ ನೂರಕ್ಕೆ 95.6ರವರೆಗೆ ಏರಿ ಅಲ್ಲಿಯೇ ನಿಲ್ಲುವುದು. ಆ ಮಿಶ್ರಣವು ಸುಮಾರು 78.2 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುವಾಗ ಆವಿಯಲ್ಲಿಯೂ ದ್ರವದಲ್ಲಿಯೂ ಪ್ರಮಾಣವೊಂದೇ ಆಗಿರುವುದರಿಂದ, ಮತ್ತೆಷ್ಟು ಸಲ ಇಳಿಸಿದರೂ ಫಲವಿಲ್ಲ. ಪೆಟ್ರೋಲಿಗೆ ಬೆರೆಸಬೇಕಾದರೆ ಈ ಉಳಿದ ನೀರೂ ಹೋಗತಕ್ಕದ್ದು. ಪೊರೆಗೆ ಇಲ್ಲಿ ಅವಕಾಶ.

ಸೋಸುವುದೆಂದರೆ, ಕರಗದೆ ಉಳಿದ ಕಸವನ್ನು ಬಟ್ಟೆಯ ರಂಧ್ರಗಳು ತಡೆದು ದ್ರವವನ್ನು ಬಿಡುವುದು. ಈ ಕಾರ್ಯದಲ್ಲಿ ಬಳಸುವ ಪಾಲಿವಿನೈಲ್ ಆಲ್ಕೊಹಾಲಿನ ಪೊರೆಯ ಮೇಲ್ಪದರದಲ್ಲಿ ಅಂಥ ರಂಧ್ರಗಳೇ ಇಲ್ಲ. ನೀರು ಮೊದಲು ಪೊರೆಯಲ್ಲಿ ಕರಗುವುದು. ಬಳಿಕ ಅದರೊಳಗೆ ವ್ಯಾಪಿಸುವುದು. ಕಡೆಗೆ ಒತ್ತಡವನ್ನು ತಗ್ಗಿಸಿಟ್ಟ ಆಚೆಯ ಮುಖದಲ್ಲಿ ಆವಿಯಾಗಿ ಹೊರಡುವುದು. ನೀರಿನಲ್ಲಿ ಪೊರೆಗಿರುವ ಸ್ನೇಹವೇ ಇಲ್ಲಿ ಮುಖ್ಯ ಕಾರಣ. ಸಿಲಿಕೋನ್ ರಬ್ಬರಿನ ಪೊರೆಯಾದರೋ ಇದಕ್ಕೆ ವಿಪರೀತವಾಗಿ ಮದ್ಯಸಾರವನ್ನೇ ಹೆಚ್ಚಾಗಿ ಬಿಡುವುದು. ಗಾತ್ರವೊಂದರಿಂದಲೇ ಆಯ್ಕೆಯಾಗುವುದಾದರೆ, ಹಿರಿದಾದ ಮದ್ಯಸಾರದ ಅಣುವು ಕಿರಿದಾದ ನೀರಿನ ಅಣುವನ್ನು ಹಿಂದಿಕ್ಕುವುದೆಂತು? ಆ ಪದವನ್ನು ಬಳಸುವವರು ಇದಕ್ಕೆ ಸಮಾಧಾನ ಹೇಳಬೇಕು.

ಇನ್ನೊಂದು ದೋಷವು ಇದಕ್ಕಿಂತ ಗುರುತರವಾದುದು. ಸೋಸುವುದಕ್ಕೆ ಬೆಂಕಿ ಬೇಡ. ಇಲ್ಲಿಯಾದರೆ ದಾಟುವ ನೀರು ಆವಿಯಾಗಲು ಬೇಕಾದ ಶಾಖವನ್ನು ಉಳಿದ ದ್ರವದಿಂದಲೇ ಸೆಳೆದುಕೊಳ್ಳುವುದು, ದ್ರವವು ತಣಿಯುವುದು, ಕಾರ್ಖಾನೆಗಳಲ್ಲಿ ಅದನ್ನು ಹಂತಹಂತಕ್ಕೂ ಮರಳಿ ಕಾಯಿಸುವರು. ಆವಿಯಾಗತಕ್ಕದ್ದು ಅಲ್ಪಾಂಶವಾದ ನೀರು ಮಾತ್ರವಾದುದರಿಂದ ಇಂಧನದ ಉಳಿತಾಯವುಂಟೆಂಬುದು ನಿಜ. 1988ರಲ್ಲಿ ಫ್ರಾನ್ಸಿನ ಬೆಥೆನಿವಿಲ್ಲಿನಲ್ಲಿ ದಿನಕ್ಕೆ 1,50,000 ಲೀಟರಿನ ಸ್ಥಾವರವು ಏರ್ಪಟ್ಟುದೂ ಇದನ್ನು ಸಮರ್ಥಿಸುವುದು. ಆದರೆ ‘ಸೋಸುವಿಕೆ’ ಎಂದೊಡನೆ ಓದುವ ವಿದ್ಯಾರ್ಥಿಗೆ ಶಾಖದ ವೆಚ್ಚವೇ ಇಲ್ಲವೆಂಬ ಭ್ರಾಂತಿಯುಂಟಾಗುವುದು.

ಜಿಯೊಲೈಟಿನ ಪೊರೆಗಳ ವಿಷಯದಲ್ಲಿ ನಮ್ಮ ಆಕ್ಷೇಪವು ಸ್ವಲ್ಪ ಸಡಿಲವಾಗುವುದು. ಸುಮಾರು 4 ಆಂಗ್‌ಸ್ಟ್ರಾಮ್ ವ್ಯಾಸದ ರಂಧ್ರಗಳುಳ್ಳ ಅವುಗಳನ್ನು ಅಣುಗಳ ಜರಡಿಯೆಂದರೆ ಅಂಶತಃ ಸಲ್ಲುವುದು. ಅಲ್ಲಿಯೂ ನೀರಿನ ಸ್ನೇಹವು ಗೌಣವಲ್ಲ.

1917ರಲ್ಲಿ ಕೋಬರ್ ಎಂಬ ವಿದ್ವಾಂಸನು, ಬಿಗಿಯಾಗಿ ಕಟ್ಟಿದ ಕೊಲೋಡಿಯನ್ ಚೀಲದೊಳಗಿನ ನೀರು ಆವಿಯಾಗಿ ಹೋಗುವುದನ್ನು ವರ್ಣಿಸಿ, ದಾಟುವಿಕೆ ಆವಿಯಾಗುವಿಕೆಗಳೆರಡನ್ನೂ ಕೂಡಿಸಿ ‘ಪರ್ವ್ಯಾಪರೇಷನ್’ ಎಂಬ ಹೆಸರನ್ನಿಟ್ಟನು. ಕನ್ನಡದ ಹೆಸರೂ ಈ ಎರಡನ್ನೂ ಸೂಚಿಸತಕ್ಕದ್ದು. ‘ಪೊರೆಬಾಷ್ಪೀಭವನ’ವೆಂದರೆ ಅರಿಸಮಾಸವಾಗುವುದು, ‘ಪಟಲಬಾಷ್ಪೀಭವನ’ವೆನ್ನಬಹುದು. ಪೊರೆಯನ್ನೇ ಉಳಿಸಬೇಕೆನ್ನುವವರು ‘ಪೊರೆ ದಾಟಿ ಆವಿಯಾಗುವಿಕೆ’ ಎಂದು ಬಿಡಿಸಿಯೇ ಹೇಳಲಿ.